ದೋಣಿಯಲ್ಲಿ ವೆರ್ನರನ ಜಾಗ

“ಎತ್ತಿ” ಎಂದ ಫ್ಲೆಮಿಂಗ್. ಆರು ಜನರೂ ಒಟ್ಟಿಗೆ ಎತ್ತಿದರು. ಕ್ರೆಸ್ಟೆನ್‌ನ ಪಾಲಿಗೆ ಬಂದದ್ದು ಶವಪೆಟ್ಟಿಗೆಯ ಎಡಗಡೆಯ ಹಿಂದಿನ ಹಿಡಿಕೆ. ಬೇಡವೆಂದು ಅವನು ಎರಡು ಸಲ ಹೇಳಿ ನೋಡಿದ್ದ. ಹೊರುವವರು ಮನೆಯವರೋ ನೆರೆಯವರೋ ಆಗಿರಬೇಕು, ತಾನು ಹಾನ್‌ಸ್ಟೋಲ್ಮ್ ಬಂದರಿನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದ ದೋಣಿಯವನು. ಸತ್ತ ವೆರ್ನರನ ಮಗ ಫ್ಲೆಮಿಂಗ್ ಕೇಳಲಿಲ್ಲ. “ಅಪ್ಪ ಇದ್ದಿದ್ರೆ ನಿಮ್ಮನ್ನೇ ಮೊದಲು ಕರೀತಿದ್ರು” ಎಂದು ತೋಳು ಹಿಡಿದು ತಂದು ನಿಲ್ಲಿಸಿದ.

ಪೆಟ್ಟಿಗೆ ಅಂದುಕೊಂಡಷ್ಟು ಭಾರವಿರಲಿಲ್ಲ. ಹದಿನೇಳು ವರ್ಷ ಈ ಮನುಷ್ಯನನ್ನು ನೆಲ ಬಿಡಿಸಲು ತನ್ನ ಕೈಲಾಗಿರಲಿಲ್ಲ, ಇವತ್ತು ಆಗುತ್ತಿದೆಯಲ್ಲ ಎಂದು ಕ್ರೆಸ್ಟೆನ್‌ಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಚರ್ಚಿನ ಮೆಟ್ಟಿಲಿಳಿದು, ಜಲ್ಲಿ ಹಾಸಿದ ದಾರಿಯಲ್ಲಿ ನಡೆದು, ಪೆಟ್ಟಿಗೆಯನ್ನು ಕಪ್ಪು ವ್ಯಾನಿನೊಳಗೆ ತಳ್ಳಿದರು. ಏಪ್ರಿಲ್ ಬಂದಿದ್ದರೂ ಮರಗಳಿಗೆ ಇನ್ನೂ ಎಲೆ ಬಂದಿರಲಿಲ್ಲ. ವ್ಯಾನು ಚಿತಾಗಾರದ ಕಡೆಗೆ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಒಬ್ಬೊಬ್ಬರಾಗಿ ರಸ್ತೆ ದಾಟಿ ಊರಿನ ಸಭಾಭವನಕ್ಕೆ ಕಾಫಿ ಕುಡಿಯಲು ಹೋದರು.

ಒಳಗೆ ಉದ್ದನೆಯ ಮೇಜುಗಳ ಮೇಲೆ ಬನ್ನು, ಬೆಣ್ಣೆ, ಉಪ್ಪಿಗೆ ಹಾಕಿದ ಹೆರಿಂಗ್ ಮೀನು, ಕಾಫಿಯ ದೊಡ್ಡ ಕೆಟಲುಗಳು ಇದ್ದವು. ಕ್ರೆಸ್ಟೆನ್ ಬಾಗಿಲ ಹತ್ತಿರದ ಕುರ್ಚಿ ಹಿಡಿದ. ಬೇಗ ಎದ್ದು ಹೋಗಬಹುದು ಎಂಬುದು ಅವನ ಲೆಕ್ಕಾಚಾರ. ಅದು ನಡೆಯಲಿಲ್ಲ. ಇಟ್ಟಿಗೆ ಕಾರ್ಖಾನೆಯಲ್ಲಿ ವೆರ್ನರನ ಜೊತೆ ಮೂವತ್ತು ವರ್ಷ ಗೂಡಿನ ಮುಂದೆ ನಿಂತಿದ್ದ ಪ್ರೆಬೆನ್ ಎಂಬ ದಪ್ಪನೆಯ ಮನುಷ್ಯ ತಟ್ಟೆ ಹಿಡಿದುಕೊಂಡು ಬಂದು ಎದುರಿಗೆ ಕೂತ.

“ನೀವೇ ಅಲ್ವಾ ಕ್ರೆಸ್ಟೆನ್? ನಿಮ್ಮನ್ನ ಎಲ್ಲಿ ಕಂಡ್ರೂ ಗುರುತು ಹಿಡೀತಿದ್ದೆ. ಅಷ್ಟು ಹೇಳಿದ್ದಾನೆ ನಿಮ್ಮ ವಿಷಯ.”

“ಏನು ಹೇಳಿದ್ದ?”

“ಏನು ಹೇಳಿಲ್ಲ ಅಂತ ಕೇಳಿ. ಜೂನ್ ಬಂತು ಅಂದ್ರೆ ನಮಗೆಲ್ಲ ಹಬ್ಬ. ಸೋಮವಾರ ಊಟದ ಹೊತ್ತಿಗೆ ವೆರ್ನರ್ ಬಾಯಿ ಬಿಚ್ಚೋದು, ನಾವು ಊಟ ಬಿಟ್ಟು ಕೇಳೋದು. ಆ ಚಮಚದ ಕತೆ ನೆನಪಿದ್ಯಾ? ಕಾಡ್ ಮೀನಿನ ಹೊಟ್ಟೆ ಸೀಳಿದ್ರೆ ಒಳಗೆ ಒಂದು ಟೀ ಚಮಚ. ಆಗ ನಮ್ಮ ವೆರ್ನರ್ ಅಂದ್ನಂತೆ, ‘ಇನ್ನೊಂದು ಸೀಳ್ರೋ, ಬಟ್ಟಲು ಸಿಕ್ಕೀತು’ ಅಂತ.”

ಮೇಜಿನ ಸುತ್ತ ಕೂತವರು ನಕ್ಕರು. ಕ್ರೆಸ್ಟೆನ್ ಕೂಡ ತುಟಿ ಅಗಲಿಸಿದ. ಆ ಮಾತು ಆಡಿದವನು ಕ್ರೆಸ್ಟೆನ್ನೇ. ಚಮಚ ಇನ್ನೂ ಅವನ ದೋಣಿಯ ಅಡುಗೆ ಗೂಡಿನಲ್ಲಿ ನೇತಾಡುತ್ತಿತ್ತು.

“ಆಮೇಲೆ ಆ ಬಿರುಗಾಳಿ,” ಎಂದಳು ಪಕ್ಕದ ಮನೆಯ ಮುದುಕಿ. “ಎಲ್ರೂ ಹಾಸಿಗೆ ಹಿಡಿದ್ರೆ, ಇವನೊಬ್ಬನೇ ಚುಕ್ಕಾಣಿ ಹತ್ರ ನಿಂತು ಬ್ರೆಡ್ಡು ತಿಂದ್ನಂತೆ.”

ಅದೂ ಕ್ರೆಸ್ಟೆನ್ನೇ. ಬಿರುಗಾಳಿ, ಬ್ರೆಡ್ಡು, ಗಾಳಕ್ಕೆ ಸಿಕ್ಕ ಮೀನನ್ನು ತಿಂದು ತಲೆ ಮಾತ್ರ ಬಿಟ್ಟುಹೋದ ಸೀಲ್ ಪ್ರಾಣಿ, ಒಂದೊಂದೂ ಅವನ ಬಾಯಿಂದ ಹೊರಟ ಮಾತುಗಳೇ. ಈಗ ಊರವರು ಅವನ್ನು ಒಪ್ಪವಾಗಿ ಒರೆಸಿಟ್ಟುಕೊಂಡು ಅವನಿಗೇ ಬಡಿಸುತ್ತಿದ್ದರು.

*

ಹದಿನೇಳು ವರ್ಷದ ಹಿಂದಿನ ಜೂನ್. ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ತುಂಬಿಸಿದವನಿಗೆ ಜೊತೆಯವರೆಲ್ಲ ಸೇರಿ ಒಂದು ಉಡುಗೊರೆ ಕೊಟ್ಟಿದ್ದರು. ಕ್ರೆಸ್ಟೆನ್‌ನ ದೋಣಿಯಲ್ಲಿ ಒಂದು ದಿನ, ದೂರದಲ್ಲಿ ನೀರಿನೊಳಗಿರುವ ಹಳದಿ ದಿಬ್ಬದ ತನಕ, ಆಳದ ಮೀನು ಹಿಡಿಯಲು. ವೆರ್ನರ್ ಬೆಳಗಿನ ಐದಕ್ಕೇ ದಕ್ಕೆಯ ಮೇಲೆ ಬಂದು ನಿಂತಿದ್ದ. ಹೊಸ ರಬ್ಬರ್ ಬೂಟಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಅವನಿಗೆ ಗುರುತಿಲ್ಲದ ಉಳಿದ ಹನ್ನೊಂದು ಗಿರಾಕಿಗಳು ದೋಣಿಗೆ ಹಾರಿಕೊಂಡರು. ದಕ್ಕೆಗೂ ದೋಣಿಗೂ ನಡುವೆ ಒಂದು ಗೇಣು ಜಾಗ, ಅದರ ಕೆಳಗೆ ಕಪ್ಪು ನೀರು. ವೆರ್ನರ್ ಕಾಲು ಚಾಚಿದ, ಹಿಂದಕ್ಕೆ ತೆಗೆದುಕೊಂಡ, ಮತ್ತೆ ಚಾಚಿದ. ಎಂಜಿನ್ ಶುರುವಾಗಿತ್ತು, ಕ್ರೆಸ್ಟೆನ್‌ಗೆ ಹೊತ್ತಾಗುತ್ತಿತ್ತು.

“ಏನಜ್ಜೀ, ಏಣಿ ಹಾಕ್ಸಲಾ?” ಎಂದು ಮೈಕಿನಲ್ಲಿ ಕೂಗಿದ.

ದೋಣಿಗೆ ದೋಣಿಯೇ ನಕ್ಕಿತು. ದಕ್ಕೆಯ ಮೇಲಿದ್ದವನೂ ನಕ್ಕ. ನಕ್ಕು, ಎರಡು ಹೆಜ್ಜೆ ಹಿಂದೆ ಸರಿದು, ಹೋಗಿ ಎನ್ನುವ ಹಾಗೆ ಕೈ ಬೀಸಿದ.

ಸಂಜೆ ವಾಪಸು ಬಂದಾಗ ಅವನು ಅಲ್ಲೇ ಹಗ್ಗ ಕಟ್ಟುವ ಕಂಬದ ಮೇಲೆ ಕೂತಿದ್ದ. ಹದಿಮೂರು ಗಂಟೆ ಹೊತ್ತು. ಗಿರಾಕಿಗಳೆಲ್ಲ ಹೋದ ಮೇಲೆ ಹತ್ತಿರ ಬಂದ.

“ಸೋಮವಾರ ಕೆಲಸಕ್ಕೆ ಹೋದ್ರೆ ಎಲ್ರೂ ಕೇಳ್ತಾರೆ,” ಎಂದ. “ಏನು ಹೇಳ್ಲಿ ನಾನು?”

ಬೆಳಗಿನ ಮಾತು ಕ್ರೆಸ್ಟೆನ್‌ನ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಎರಡು ಒಳ್ಳೆಯ ಕಾಡ್ ಮೀನು ತೆಗೆದು ಕೊಟ್ಟ. ಚಾಕು ಕೊಟ್ಟು ಹೊಟ್ಟೆ ತೆಗೆಯುವುದನ್ನು ಕಲಿಸಿದ, ಜಾಕೆಟ್ಟಿಗೆ ಮೀನಿನ ವಾಸನೆ ಹತ್ತಬೇಕಲ್ಲ. ಕೆಲಸ ಮಾಡುತ್ತಲೇ ಇಡೀ ದಿನದ ಕತೆಯನ್ನು ಬೆಳಗಿನಿಂದ ಸಂಜೆಯ ತನಕ ಹೇಳಿದ. ಯಾರ ಗಾಳ ಯಾರ ಗಾಳಕ್ಕೆ ಸುತ್ತಿಕೊಂಡಿತು, ಯಾರು ವಾಂತಿ ಮಾಡಿಕೊಂಡರು, ಗಾಳಿ ಯಾವಾಗ ತಿರುಗಿತು. ವೆರ್ನರ್ ಪಾಠ ಒಪ್ಪಿಸಬೇಕಾದವನಂತೆ ಕಣ್ಣು ಕಿರಿದು ಮಾಡಿ ಕೇಳಿದ.

ಒಂದು ಸಲದ ಸುಳ್ಳು ಒಂದು ಸಲಕ್ಕೆ ಮುಗಿಯಬೇಕಿತ್ತು. ಆದರೆ ವೆರ್ನರ್ ಅದನ್ನು ಎಷ್ಟು ಚೆನ್ನಾಗಿ ಹೇಳಿದ್ದನೆಂದರೆ, ಮರುವರ್ಷ ಅವನ ಹುಟ್ಟಿದ ದಿನಕ್ಕೆ ಹೆಂಡತಿ ಎಲ್ನಾ ಮತ್ತು ಮಕ್ಕಳು ಸೇರಿ ಅದೇ ಉಡುಗೊರೆ ಕೊಟ್ಟರು. ಅದರ ಮರುವರ್ಷವೂ.

ಹೀಗಾಗಿ ಪ್ರತಿ ಜನವರಿಯಲ್ಲಿ ವೆರ್ನರನ ಫೋನು ಬರುತ್ತಿತ್ತು.

“ಒಂದು ಜಾಗ ಬೇಕಿತ್ತು. ಗಾಳಿ ಕಮ್ಮಿ ಇರೋ ದಿನ ನೋಡಿ ಕೊಡು.”

“ಜನವರೀಲಿ ಕೂತು ಜೂನಿನ ಗಾಳಿ ನಾನೇನು ಬಲ್ಲೆ ಮಾರಾಯ. ಹನ್ನೆರಡಕ್ಕೆ ಬರ್ಕೊಳ್ಳಲಾ?”

“ಬರ್ಕೋ. ಗಾಳಕ್ಕೆ ಕಟ್ಟೋ ಸೀಸದ ಗುಂಡು ಎಷ್ಟು ತೂಕದ್ದು ತರ್ಲಿ?”

“ಅರ್ಧ ಕಿಲೋ. ಅಲ್ಲಿ ನೀರು ಆಳ.”

“ಎಷ್ಟು ಆಳ?”

“ನಿಮ್ಮೂರ ಚರ್ಚಿನ ಗೋಪುರ ಎರಡು ಮುಳುಗುತ್ತೆ.”

ಆ ಕಡೆಯಿಂದ ಪೆನ್ಸಿಲಿನಲ್ಲಿ ಅದನ್ನು ಬರೆದುಕೊಳ್ಳುವ ಸದ್ದು ಕೇಳಿಸುತ್ತಿತ್ತು. ಆಮೇಲೆ, “ಈ ಸಲ ಬರ್ತೀನಿ ಕ್ರೆಸ್ಟೆನ್.”

“ಬಾ.”

ಅವನು ಸುಮ್ಮನೆ ಬಾಯಿಮಾತಿಗೆ ಹೇಳುತ್ತಿರಲಿಲ್ಲ. ಪ್ರತಿ ವರ್ಷವೂ ಬರಲೇಬೇಕೆಂದೇ ಬರುತ್ತಿದ್ದ. ಗಾಳದ ಕೋಲು, ಬುತ್ತಿ, ಮಾತ್ರೆ ಎಲ್ಲ ಕಟ್ಟಿಕೊಂಡು ಬಂದು, ಆ ಒಂದು ಗೇಣಿನ ಎದುರು ನಿಂತುಬಿಡುತ್ತಿದ್ದ. ಆರನೇ ವರ್ಷ ಇರಬೇಕು, ಹಗ್ಗ ಬಿಗಿದು ಕಟ್ಟಿದ ದೋಣಿಯಲ್ಲಿ ಕೂತು ಬರೀ ಕಾಫಿ ಕುಡಿಯೋಣ ಬಾ ಎಂದು ಕ್ರೆಸ್ಟೆನ್ ಕೈ ಹಿಡಿದು ಕರೆದ. ವೆರ್ನರ್ ಒಂದು ಕಾಲನ್ನು ದೋಣಿಯಲ್ಲಿಟ್ಟ. ಅವನ ಅಂಗೈ ಬೆವರಿ ಜಾರುತ್ತಿತ್ತು. ಆ ಕಾಲನ್ನೂ ತೆಗೆದುಕೊಂಡ.

“ಏಳು ವರ್ಷದವನಿದ್ದೆ,” ಎಂದ ದಕ್ಕೆಯ ಮೇಲೆ ಕೂತು. “ಹೊಲದ ಹೊಂಡ ಹೆಪ್ಪುಗಟ್ಟಿತ್ತು. ಮಂಜುಗಡ್ಡೆ ಒಡೆದು ಒಳಗೆ ಹೋದೆ. ಕೆಳಗಿಂದ ನೋಡಿದ್ರೆ ಮೇಲೆ ಗಾಜು ಮುಚ್ಚಿದ ಹಾಗೆ. ಅಣ್ಣನ ಬೂಟು ಕಾಣಿಸ್ತಿತ್ತು, ಆಚೆ ಈಚೆ ಓಡಾಡ್ತಿತ್ತು. ನಾನು ಕೆಳಗಿಂದ ಬಡೀತಿದ್ದೆ, ಅವನಿಗೆ ಕೇಳಿಸ್ತಿರಲಿಲ್ಲ.”

“ಎಲ್ನಾಗೆ ಗೊತ್ತಾ?”

“ಅವಳಿಗೆ ಹೇಳಿದ್ರೆ ಮೀನಿನ ವಿಷಯಾನೂ ಹೇಳ್ಬೇಕಾಗುತ್ತೆ. ಮಕ್ಕಳು ನನ್ನ ನೋಡೋದೇ ಅದೊಂದರಿಂದ ಕಣೋ. ಉಳಿದ ಮುನ್ನೂರ ಅರವತ್ನಾಲ್ಕು ದಿನ ನಾನು ಇಟ್ಟಿಗೆ ಸುಡೋನು.”

*

ಹೊರಟುಬಿಡೋಣ ಎಂದು ಕ್ರೆಸ್ಟೆನ್ ಕೋಟು ತೆಗೆದುಕೊಳ್ಳುವಷ್ಟರಲ್ಲಿ ಫ್ಲೆಮಿಂಗ್ ತಾಯಿಯನ್ನು ಕರೆದುಕೊಂಡು ಬಂದ. ಎಲ್ನಾ ಗಿಡ್ಡ ಹೆಂಗಸು. ಬೆಳಗಿನಿಂದ ಎಲ್ಲರ ಕೈ ಕುಲುಕಿ ಕುಲುಕಿ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

“ದೋಣಿ ವಿಷಯ ಫೋನಲ್ಲಿ ಹೇಳಿದ್ನಲ್ಲ,” ಎಂದ ಫ್ಲೆಮಿಂಗ್. “ಜೂನ್ ಹನ್ನೆರಡಕ್ಕೆ ಅಪ್ಪನ ಹೆಸರಲ್ಲಿ ಜಾಗ ಇದ್ದೇ ಇದೆ. ಅವತ್ತು ಇಡೀ ದೋಣಿ ನಮಗೆ ಬಿಟ್ಕೊಡಿ. ಬೂದಿ ಅಲ್ಲೇ ಬಿಡ್ತೀವಿ, ಆ ದಿಬ್ಬದ ಹತ್ರ, ಅವರು ಖುಷಿಯಾಗಿದ್ದ ಜಾಗದಲ್ಲಿ.”

ಜೇಬಿನಿಂದ ಒಂದು ಹಾಳೆ ತೆಗೆದ. ಸಮುದ್ರಕ್ಕೆ ಬಿಡಬೇಕಾದರೆ ಸತ್ತವರಿಗೇ ಆ ಆಸೆ ಇತ್ತೆಂದು ತೋರಿಸಬೇಕಂತೆ. ವೆರ್ನರ್ ಏನೂ ಬರೆದಿಟ್ಟಿರಲಿಲ್ಲ.

“ಬಾಯಲ್ಲಿ ಹೇಳಿದ್ದನ್ನ ಕೇಳಿದವರು ರುಜು ಹಾಕಿದ್ರೂ ನಡೆಯುತ್ತೆ ಅಂದ್ರು. ನಿಮ್ಮ ಹತ್ರ ಹೇಳಿಯೇ ಇರ್ತಾರೆ ಅಲ್ವಾ? ಅಲ್ಲಿ ನಿಂತ್ಕೊಂಡು ಯಾರಾದ್ರೂ ಹೇಳೋ ಮಾತೇ ಅದು.”

ಫೋನಿನಲ್ಲಿ ದೋಣಿ ಕೇಳಿದಾಗ ಸಾವಿನ ಸುದ್ದಿಯ ಗಲಿಬಿಲಿಯಲ್ಲಿ ಕ್ರೆಸ್ಟೆನ್ ಹೂಂ ಅಂದಿದ್ದ. ಮೂರು ಗಂಟೆ ದಾರಿಯುದ್ದಕ್ಕೂ ಬೇರೆ ಏನು ಹೇಳಬಹುದೆಂದು ಹುಡುಕಿದ್ದ, ಸಿಕ್ಕಿರಲಿಲ್ಲ. ನಿಜ ಹೇಳಿದರೆ ಈ ಸಭಾಭವನದಲ್ಲಿ ನಗುತ್ತಿರುವವರೆಲ್ಲ ಬಾಯಿ ಮುಚ್ಚುತ್ತಾರೆ, ವೆರ್ನರನಿಗೆ ಇಟ್ಟಿಗೆ ಗೂಡಿನ ಹೊರಗೆ ಇದ್ದ ಒಂದೇ ಒಂದು ಬದುಕು ಇಲ್ಲವಾಗುತ್ತದೆ. ರುಜು ಹಾಕಿದರೆ ಅವನನ್ನು ಮತ್ತೆ ಆ ನೀರಿನ ಕೆಳಗೆ ತಳ್ಳಿದಂತೆ, ಅದೂ ತನ್ನ ಕೈಯಿಂದಲೇ. ಬೂದಿಗೆ ಭಯವೇನು ಎಂದು ತನಗೆ ತಾನೇ ಹೇಳಿಕೊಂಡು ನೋಡಿದ. ಒಪ್ಪಿಗೆಯಾಗಲಿಲ್ಲ.

ಫ್ಲೆಮಿಂಗ್ ಅಷ್ಟರಲ್ಲಿ ಗ್ಲಾಸಿಗೆ ಚಮಚ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದ್ದ. “ಅಪ್ಪನ ಜೊತೆ ಹದಿನೇಳು ವರ್ಷ ಸಮುದ್ರಕ್ಕೆ ಹೋದವರು ಎರಡು ಮಾತು ಆಡ್ತಾರೆ.”

ಕ್ರೆಸ್ಟೆನ್ ಎದ್ದು ನಿಂತ.

“ನಂಗೆ ಮಾತು ಬರಲ್ಲ,” ಎಂದ. “ವೆರ್ನರ್‌ಗೆ ಬರ್ತಿತ್ತು. ನನ್ನ ದೋಣಿ ವಿಷಯ ನನಗಿಂತ ಚೆನ್ನಾಗಿ ಅವನೇ ಹೇಳ್ತಿದ್ದ. ಅವನಷ್ಟು ಧೈರ್ಯದವನನ್ನ ನಾನು ದಕ್ಕೆ ಮೇಲೆ ನೋಡಿಲ್ಲ. ಪ್ರತಿ ವರ್ಷ ಬಂದ. ಅಷ್ಟು ಸಲ ಬರೋಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನನಗೊಬ್ಬನಿಗೇ ಗೊತ್ತು.”

ಪ್ರೆಬೆನ್ ತಲೆದೂಗಿದ. ಕ್ರೆಸ್ಟೆನ್ ಮೇಜಿನ ಅಂಚು ಹಿಡಿದುಕೊಂಡ.

“ಈ ಕಾಗದಕ್ಕೆ ನಾನು ರುಜು ಹಾಕೋಕಾಗಲ್ಲ ಫ್ಲೆಮಿಂಗ್. ಅವನು ಹೇಳಿದ್ದು ಬೇರೆ. ಒಂದ್ಸಲ ದಿಬ್ಬದ ಹತ್ರ ಗಾಳ ಬಿಟ್ಕೊಂಡು ನಿಂತಿದ್ವಿ. ನೋಡು ಕ್ರೆಸ್ಟೆನ್, ಅಂದ, ಸತ್ತ ಮೇಲೆ ನನ್ನನ್ನ ಇಲ್ಲಿ ಮಾತ್ರ ಹಾಕ್ಬೇಡಿ. ಇಷ್ಟು ವರ್ಷ ನಾನು ತಿಂದ ಮೀನುಗಳ ಮನೆಯವರೆಲ್ಲ ಇಲ್ಲೇ ಇದ್ದಾರೆ, ಅಂದ.”

ಪ್ರೆಬೆನ್ ಹೊಟ್ಟೆ ಕುಲುಕಿಸಿ ನಕ್ಕ. ಕಣ್ಣೊರೆಸಿಕೊಳ್ಳುತ್ತ, “ಅವನ ಮಾತೇ ಅದು. ಸಾಕ್ಷಾತ್ ವೆರ್ನರ್” ಎಂದ. ಮೇಜಿನಿಂದ ಮೇಜಿಗೆ ಮಾತು ಹರಡಿತು. ಹದಿನೇಳು ವರ್ಷದಲ್ಲಿ ಕ್ರೆಸ್ಟೆನ್ ಅವನಿಗೆ ಕೊಟ್ಟ ಕತೆಗಳಲ್ಲಿ ಇದು ಕೊನೆಯದು.

ನಗದೆ ಇದ್ದವನು ಫ್ಲೆಮಿಂಗ್. “ನಮಗ್ಯಾಕೆ ಹೇಳಲಿಲ್ಲ ಅವರು?” ಎಂದು ತಗ್ಗಿದ ದನಿಯಲ್ಲಿ ಕೇಳಿದ. “ನಾನು ಅವರ ಮಗ. ನಿಮಗೆ ಹೇಳಿದ್ರಾ?”

“ದೋಣೀಲಿ ನಿಂತಾಗ ಏನೇನೋ ಬಾಯಿಗೆ ಬರುತ್ತೆ.”

“ಒಂದ್ಸಲ ನನ್ನನ್ನೂ ಕರ್ಕೊಂಡು ಹೋಗಿ ಅಂತ ಎಷ್ಟು ಕೇಳಿದ್ದೆ. ಅದು ನನ್ನ ಜಾಗ ಅಂದ್ರು, ನಿಂಗೆ ಬೇಡ ಅಂದ್ರು. ನಿಮಗೆ ಎಲ್ಲ ಸಿಕ್ತು.”

ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೊರಗೆ ಹೋದ. ಕ್ರೆಸ್ಟೆನ್ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತ. ಹಿಂದೆ ಓಡಿ ಹೋಗಿ ಹೇಳುವಂತಿರಲಿಲ್ಲ. ಈ ಹುಡುಗ, ಹುಡುಗನೇನು, ಐವತ್ತು ದಾಟಿದವನು, ಸಾಯುವ ತನಕ ತನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಾನೆ, ಪಡಲಿ ಎಂದುಕೊಂಡ.

ಎಲ್ನಾ ಇಷ್ಟು ಹೊತ್ತೂ ಕ್ರೆಸ್ಟೆನ್‌ನ ಮುಖವನ್ನೇ ನೋಡುತ್ತಿದ್ದಳು.

“ಕೋಟು ಹಾಕ್ಕೊಳ್ಳಿ,” ಎಂದಳು. “ಹಾಗಾದ್ರೆ ಜಾಗ ನೋಡ್ಬೇಕಲ್ಲ.”

ರಸ್ತೆಯ ಆಚೆ ಚರ್ಚಿನ ಸ್ಮಶಾನವನ್ನು ನೋಡಿಕೊಳ್ಳುವ ಬಿರ್ಗಿತ್ ಹೂವಿನ ಪಾತಿ ಅಗೆಯುತ್ತಿದ್ದಳು. ಗುದ್ದಲಿ ಹಿಡಿದುಕೊಂಡೇ ಜೊತೆಗೆ ಬಂದಳು. ಗೇಟಿನ ಹತ್ತಿರ, ತಾವರೆಕೊಳದ ದಡದಲ್ಲಿ, ಬರ್ಚ್ ಮರದ ಕೆಳಗೆ ಒಂದು ಜಾಗ ತೋರಿಸಿದಳು. “ಎಲ್ರೂ ಇದನ್ನೇ ಕೇಳ್ತಾರೆ. ಬೇಸಿಗೇಲಿ ಬಾತುಕೋಳಿ ಬರ್ತಾವೆ.”

ಎಲ್ನಾ ನಿಲ್ಲಲಿಲ್ಲ. ಕೊಳವನ್ನು ದಾಟಿ, ಏರು ಹತ್ತಿ, ಏದುಸಿರು ಬಿಡುತ್ತ ಮೇಲಿನ ಕಲ್ಲುಗೋಡೆಯ ತನಕ ನಡೆದಳು. ಅಲ್ಲಿ ಮರವಿರಲಿಲ್ಲ, ಹುಲ್ಲೂ ಸರಿಯಾಗಿ ಹುಟ್ಟಿರಲಿಲ್ಲ. ಗಾಳಿ ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು.

“ಚಳಿಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತಾ?” ಎಂದು ಕೇಳಿದಳು.

“ಇಲ್ಲಿ? ಒಂದು ತೊಟ್ಟೂ ನಿಲ್ಲಲ್ಲ. ಬರೀ ಮರಳು, ಹೂವಿನ ಗಿಡಾನೂ ಬದುಕಲ್ಲ.”

“ಮಂಜುಗಡ್ಡೆ ಕಟ್ಟುತ್ತಾ?”

ಆ ಹೊಂಡದ ವಿಷಯ ತನಗೊಬ್ಬನಿಗೇ ಗೊತ್ತೆಂದು ಕ್ರೆಸ್ಟೆನ್ ಇಷ್ಟು ವರ್ಷ ನಂಬಿದ್ದ. ಬಿರ್ಗಿತ್ ಇಂಥ ಪ್ರಶ್ನೆಯನ್ನು ಯಾರಿಂದಲೂ ಕೇಳಿರಲಿಲ್ಲ. ಉತ್ತರ ಹೇಳುವ ಬದಲು ಗುದ್ದಲಿಯನ್ನು ನೆಲಕ್ಕೆ ಊರಿ ಕಾಲಿನಿಂದ ಒತ್ತಿ ಒಂದು ಹೆಂಟೆ ಎತ್ತಿದಳು. ಎಲ್ನಾ ಬಗ್ಗಿ, ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಹಿಂಡಿದಳು. ಕೈ ಬಿಚ್ಚಿದಾಗ ಅದು ಬೆರಳುಗಳ ಸಂದಿನಿಂದ ಸುರಿದು ಗಾಳಿಗೆ ಹೋಯಿತು. ಇನ್ನೊಂದು ಮುಷ್ಟಿ ತೆಗೆದು, ಮುಖ ನೋಡದೆ, ಕ್ರೆಸ್ಟೆನ್‌ನ ಕಡೆಗೆ ಚಾಚಿದಳು. ಅವನು ಬೊಗಸೆ ಒಡ್ಡಿದ.