ಕ್ಷಮಿಸಿದ್ದೇನೆ ಎಂಬ ಮಾತು

ಥಂಡರ್ ಬೇ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಹೊಸ ನಾಟಕಕಾರರಿಗೆ ನಡೆಯುತ್ತಿದ್ದ ಕಮ್ಮಟಕ್ಕೆ ಸೆನ್ಯಾ ಲಾಹ್ತಿನೆನ್ ತನ್ನ ಮೊದಲ ನಾಟಕ ಹಿಡಿದು ಬಂದಾಗ, ಅದರ ಕೊನೆಯ ಪುಟದಲ್ಲಂತೂ ಒಂದಕ್ಷರವೂ ಬದಲಾಗಬೇಕಿಲ್ಲವೆಂದು ನಂಬಿದ್ದಳು. ಅದು ಅವಳ ಮನೆಯದೇ ಕಥೆ. ಕೆಲವು ವರ್ಷಗಳ ಹಿಂದೆ, ಚಳಿಗಾಲ ಮುಗಿಯುವ ಹೊತ್ತಿಗೆ, ಹೆಪ್ಪುಗಟ್ಟಿದ ಸರೋವರದ ಮೇಲೆ ಸ್ನೋಮೊಬೈಲ್ ಎಂಬ ಹಿಮದ ಬಂಡಿ ಓಡಿಸುತ್ತಿದ್ದವಳು ಅವಳು. ಹಿಂದೆ ಕೂತಿದ್ದವನು ತಮ್ಮ ಏರೊ. ಮಂಜುಗಡ್ಡೆ ಬಿರಿಯಿತು. ಅವಳು ಮೇಲೆ ಬಂದಳು, ಅವನು ಬರಲಿಲ್ಲ. ನಾಟಕದ ಕೊನೆಯಲ್ಲಿ ತಾಯಿ ಮಗಳ ಕೈಹಿಡಿದು, "ನಿನ್ನನ್ನ ಕ್ಷಮಿಸಿದೀನಿ" ಅನ್ನುತ್ತಾಳೆ.

ಕಮ್ಮಟ ನಡೆಸುವ ಗ್ವೆನ್ ಪೆಟ್ರಿಯದು ಒಂದೇ ಕಟ್ಟಳೆ: ನಟರು ಓದುವಾಗ ಬರೆದವರು ಬಾಯಿ ಬಿಡಬಾರದು. ತಾಯಿಯ ಪಾತ್ರ ಓದುತ್ತಿದ್ದ ಹಿರಿಯ ನಟಿ ಓಡೀಲ್, ಆ ಸಾಲಿಗೆ ಬಂದು ನಿಂತಳು. ಮತ್ತೆ ಓದಿದಳು. ಮತ್ತೆ ನಿಂತಳು.

"ಈ ಮಾತು ನನ್ನ ಬಾಯಲ್ಲಿ ಕೂರ್ತಿಲ್ಲ. ಈ ಹೆಂಗಸು ಹೀಗನ್ನಲ್ಲ."

ಸೆನ್ಯಾ ಕಟ್ಟಳೆ ಮುರಿದಳು. "ಅಂದಿದಾಳೆ! ನಮ್ಮಮ್ಮ ಇದನ್ನೇ ಅಂದಿದ್ದು. ಕಿವಿಯಾರೆ ಕೇಳಿದೀನಿ."

"ಅಂದಿರಬಹುದು ಕಣೆ. ಯಾಕಂದ್ಲು ಅನ್ನೋದು ಗೊತ್ತಾಗ್ದೆ ನಾನು ಹೇಗೆ ಅನ್ಲಿ?"

ಉಳಿದವರು ತಲೆಗೊಂದು ಸಲಹೆ ಕೊಟ್ಟರು. ಸೆನ್ಯಾ ಹಾಳೆಗಳನ್ನು ಚೀಲಕ್ಕೆ ತುರುಕಿ ಎದ್ದಳು. ಮೆಟ್ಟಿಲ ಬಳಿ ಗ್ವೆನ್ ಅವಳನ್ನು ಹಿಡಿದು ನಿಲ್ಲಿಸಿದಳು.

"ಏನು ಬರೀಬೇಕು ಹೇಳಿ, ಬರೆದು ಬಿಸಾಕ್ತೀನಿ," ಎಂದಳು ಸೆನ್ಯಾ.

"ಅದೊಂದು ಹೇಳಲ್ಲ. ಹೇಳಿದ್ರೆ ಅದು ನನ್ನ ನಾಟಕ ಆಗುತ್ತೆ. ಓಡೀಲ್ ಕೇಳಿದ್ದಕ್ಕೆ ನಿನ್ನ ಹತ್ರ ಉತ್ತರ ಇದೆಯಾ?"

ಭಾನುವಾರ ಸೆನ್ಯಾ ತಾಯಿಯ ಮನೆಗೆ ಹೋದಳು. ತಾಯಿ ಔನೆ ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು.

"ಅಮ್ಮ, ಅವತ್ತು ಕ್ಷಮಿಸಿದೀನಿ ಅಂದ್ಯಲ್ಲ, ಯಾಕಂದೆ?"

ಔನೆಯ ಕೈ ನಿಲ್ಲಲಿಲ್ಲ. "ಅವನನ್ನ ಮಣ್ಣು ಮಾಡಿ ಬಂದಾಗಿಂದ ನೀನು ಒಂದು ತುತ್ತು ತಿಂದಿರ್ಲಿಲ್ಲ. ಇವಳೂ ಹೋಗ್ತಾಳೆ ಅಂತ ಭಯ ಆಯ್ತು. ಹಾಗಂದ್ರೆ ತಿಂತೀಯೇನೋ ಅಂತ ಅಂದೆ. ನೀನು ತಿಂದೆ."

"ಅಂದ್ರೆ ಕ್ಷಮಿಸಿರ್ಲಿಲ್ವಾ?"

"ಕೆಲವು ದಿನ ಕ್ಷಮಿಸಿರ್ತೀನಿ. ಕೆಲವು ದಿನ ನಿನ್ನ ಮುಖ ನೋಡಕ್ಕಾಗಲ್ಲ. ಆದ್ರೂ ನೀನು ಬರೋದು ತಡ ಆದ್ರೆ ಕಿಟಕಿ ಬಿಟ್ಟು ಕದಲಲ್ಲ."

ಇಷ್ಟು ವರ್ಷ ಆ ಒಂದು ಮಾತನ್ನೇ ನೆಚ್ಚಿಕೊಂಡು ಬದುಕಿದವಳು ಸೆನ್ಯಾ. ಅದು ಈಗ ಕೈಜಾರಿತು. ಜೊತೆಗೇ, ತಾಯಿಯ ಮುಂದೆ ಸದಾ ಋಣಿಯಂತೆ ತಲೆತಗ್ಗಿಸಿ ಕೂರುವ ಕೆಲಸವೊಂದು ಮುಗಿದಂತೆಯೂ ಅನ್ನಿಸಿತು. ಉಬ್ಬಿದ ಹಿಟ್ಟನ್ನು ಔನೆ ಜಡೆಯಂತೆ ಹೆಣೆಯುತ್ತಿದ್ದಾಗ ಸೆನ್ಯಾ ಕೇಳಿದಳು: "ಇದನ್ನ ನಾಟಕದಲ್ಲಿ ಹಾಕ್ಲಾ?"

"ನಾನು ಸತ್ತ ಮೇಲೆ ಹಾಕು." ಔನೆ ಬ್ರೆಡ್ಡನ್ನು ಒಲೆಗಿಟ್ಟು ತಿರುಗಿದಳು. "ಬೇಡ, ಈಗ್ಲೇ ಹಾಕು. ಸತ್ತ ಮೇಲೆ ನಾನು ನೋಡೋದು ಹೇಗೆ?"

ಸೆನ್ಯಾ ಆ ಸಾಲನ್ನು ತೆಗೆಯಲಿಲ್ಲ. ಅದರ ಸುತ್ತಲಿನದನ್ನೆಲ್ಲ ಹೊಸದಾಗಿ ಬರೆದಳು. ಈಗ ತಾಯಿ, ಉಣ್ಣದೆ ಕೂತ ಮಗಳ ಮುಂದೆ ಸೂಪಿನ ಬಟ್ಟಲಿಟ್ಟು ಆ ಮಾತು ಅನ್ನುತ್ತಾಳೆ. ಮುಂದಿನ ಓದಿನಲ್ಲಿ ಓಡೀಲ್ ಮಗಳ ಪಾತ್ರದವಳತ್ತ ನೋಡದೆ, ಎದುರಿಗಿದ್ದ ಸೂಪಿನ ಬಟ್ಟಲನ್ನೇ ನೋಡುತ್ತ ಆ ಮಾತು ಅಂದಳು. ಮೇಜಿನ ಸುತ್ತ ಯಾರೂ ಸಲಹೆ ಕೊಡಲಿಲ್ಲ.

ಕಮ್ಮಟದ ಕೊನೆಗೆ ಊರಿನವರೆದುರು ನಾಟಕ ಓದಿದರು. ಔನೆ ಕೋಟು ಬಿಚ್ಚದೆ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮುಗಿದ ಮೇಲೆ ಓಡೀಲ್ ಅವಳ ಮುಂದೆ ಬಂದು ನಿಂತಾಗ, ಔನೆಯೇ ಅವಳ ಕೈಹಿಡಿದುಕೊಂಡಳು.

"ಆ ಸುಳ್ಳನ್ನ ನನಗಿಂತ ನೀವೇ ಚೆನ್ನಾಗಿ ಹೇಳಿದ್ರಿ," ಎಂದಳು. ಆಮೇಲೆ ಮಗಳತ್ತ ತಿರುಗಿ, ಕಣ್ಣೊರೆಸಿಕೊಳ್ಳುತ್ತಲೇ, "ನಾಟಕದ ನಡುವೆ ಆ ಪಾದ್ರಿ ಪಾತ್ರದ ಮಾತು ಯಾಕೆ ಅಷ್ಟುದ್ದ? ನನಗೆ ತೂಕಡಿಕೆ ಬಂತು."

ಗ್ವೆನ್ ಜೋರಾಗಿ ನಕ್ಕಳು. ಸೆನ್ಯಾ ಕುರ್ಚಿ ಎಳೆದುಕೊಂಡು ತಾಯಿಯ ಪಕ್ಕ ಕೂತಳು. "ಎಲ್ಲಿಂದ ಬೇಜಾರಾಯ್ತು ಹೇಳಮ್ಮ," ಎಂದು ಪೆನ್ನು ತೆರೆದಳು.