ಕೂತು ಹೋಗುವವರ ಬೀದಿ

ಹಾಲುಗೊಂಡನಪುರದ ಪುರಸಭೆಗೆ ಅಭಿವೃದ್ಧಿಯ ಹುಚ್ಚು ಹಿಡಿದದ್ದು ಎಮರ್ಜೆನ್ಸಿ ಮುಗಿದ ಮರುವರ್ಷ. ತಿಪಟೂರಿನಲ್ಲಿ ಸಾಲು ಸಾಲು ಮಳಿಗೆಗಳಿವೆ, ನಮ್ಮೂರೇನು ಪಾಪ ಮಾಡಿದೆ ಎಂದು ಅಧ್ಯಕ್ಷ ಮರುಳಪ್ಪ ಸಭೆಯಲ್ಲಿ ಕೇಳಿದರು. ಅವರು ಕೊಬ್ಬರಿ ಮಂಡಿಯ ಸಾಹುಕಾರರು, ಕೇಳಿದ್ದನ್ನು ಇಲ್ಲ ಅನ್ನಿಸಿಕೊಂಡು ಅಭ್ಯಾಸವಿಲ್ಲ. ಮಠದ ಬೀದಿಯ ಮುಂದಿನ ಬಯಲಿನಲ್ಲಿ ಅಂಗಡಿ ಮಳಿಗೆ ಕಟ್ಟಲು ಮಂಜೂರಾಯಿತು. ಮಳಿಗೆಗಳ ಮುಖ ಬಸ್ ನಿಲ್ದಾಣಕ್ಕೆ, ಬೆನ್ನು ಆ ಬೀದಿಯ ಕಲ್ಲಮ್ಮನ ಮನೆಯ ಮುಂಬಾಗಿಲಿಗೆ.

ಬೀದಿಯವರು ಒಟ್ಟಾಗಿ ವಿರೋಧಿಸಿದರು. ಪಕ್ಕದ ಮನೆಯ ಮೀನಾಕ್ಷಮ್ಮನಿಗೆ ಸಂಡಿಗೆ ಒಣಗಿಸಲು ಜಾಗ ಹೋಗುತ್ತದೆಂಬ ಸಂಕಟ. ಬೀದಿಯ ಶುಭ ಅಶುಭಗಳನ್ನೆಲ್ಲ ನಡೆಸಿಕೊಡುವ ಏಕಾಂತಯ್ಯನವರಿಗೆ, ತಮ್ಮನ್ನೊಂದು ಮಾತು ಕೇಳಲಿಲ್ಲವೆಂಬ ಸಿಟ್ಟು. ಮಳಿಗೆ ಬೇಡವೆಂಬ ಅರ್ಜಿಗೆ ಸಹಿ ಹಾಕಿದವರಲ್ಲಿ ಅರ್ಧ ಜನ ಸಂಜೆ ಹೊತ್ತಿಗೆ ತಮಗೊಂದು ಮಳಿಗೆ ಕೊಡಿ ಎಂದೂ ಅರ್ಜಿ ಹಾಕಿ ಬಂದರು. ನ್ಯಾಯ ಒಂದು ಕಡೆ, ಬಾಡಿಗೆ ಒಂದು ಕಡೆ.

ಕಲ್ಲಮ್ಮನ ಕಷ್ಟ ಬೇರೆಯದು. ಆ ಮನೆಯಲ್ಲಿ ಉಳಿದಿದ್ದವರು ಇಬ್ಬರೇ, ವಿಧವೆಯಾದ ಅವಳು ಮತ್ತು ಮುದಿ ಮಾವ ಶಂಭುಲಿಂಗಯ್ಯ. ಬಾಗಿಲ ಮುಂದೆ ಮಳಿಗೆಯ ಗೋಡೆ ಎದ್ದ ದಿನದಿಂದ ಮಾವ ಸರಿಯಾಗಿ ಉಣ್ಣುತ್ತಿರಲಿಲ್ಲ.

"ನಿಮ್ಮತ್ತೆ ಈ ಬಾಗಿಲಲ್ಲೇ ಹೋದ್ಲು, ನನ್ನ ಮಗನೂ ಇದ್ರಲ್ಲೇ ಹೋದ. ನನ್ನನ್ನ ಮಾತ್ರ ಹಿತ್ತಲಲ್ಲಿ ಕೊಟ್ಟಿಗೆ ಹಾದು ಹೊರಿಸ್ತೀಯೇನವ್ವ?" ಎಂದು ಕೇಳುತ್ತಿದ್ದರು.

ಕಲ್ಲಮ್ಮ ಪುರಸಭೆಗೇ ಹೋಗಿ ಈ ಮಾತು ಹೇಳಿದಳು. ಎಂಜಿನಿಯರ್ ಕರಾವಳಿಯ ಕಡೆಯವನು, ಸಭ್ಯ. ನಕ್ಷೆ ಬಿಡಿಸಿ ತೋರಿಸಿ, "ಮೂರು ಅಡಿ ಓಣಿ ಬಿಟ್ಟಿದ್ದೇವಮ್ಮ. ಚಟ್ಟ ಆರಾಮವಾಗಿ ಹೋಗುತ್ತದೆ" ಎಂದ.

"ನಮ್ಮೋರು ಮಲಗಿ ಹೋಗಲ್ಲ ಸ್ವಾಮಿ, ಕೂತು ಹೋಗ್ತಾರೆ" ಎಂದಳು ಕಲ್ಲಮ್ಮ.

ಎಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡ. ಬಿದಿರಿನ ವಿಮಾನ ಕಟ್ಟಿ, ಹೂವು ಬಾಳೆದಿಂಡು ಸಿಂಗರಿಸಿ, ಲಿಂಗೈಕ್ಯರಾದವರನ್ನು ಅದರಲ್ಲಿ ದೇವರಂತೆ ಕೂರಿಸಿ, ಎರಡೂ ಮಗ್ಗುಲಿಗೆ ಆಳು ನಿಂತು ಹೊರುತ್ತಾರೆಂಬುದು ಅವನ ನಕ್ಷೆಗೆ ಗೊತ್ತಿರಲಿಲ್ಲ. ಮರುಳಪ್ಪನವರಿಗೆ ಗೊತ್ತಿತ್ತು. ಆದರೆ ಅಡಿಪಾಯದ ಪೂಜೆಯನ್ನು ಅವರೇ ಮಾಡಿದ್ದರು. "ಹೋಗಲ್ಲ ಅಂತ ತೋರ್ಸಿ, ನೋಡಾಣ" ಎಂದುಬಿಟ್ಟರು.

ತೋರಿಸುವುದಕ್ಕೆ ಹೆಣ ಬೇಕು. ಬೀದಿಯಲ್ಲಿ ಯಾರೂ ಸಾಯುವ ಲಕ್ಷಣವಿರಲಿಲ್ಲ. ಜಗಲಿಯಲ್ಲಿ ಪಂಚಾಯ್ತಿ ಸೇರಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಶಂಭುಲಿಂಗಯ್ಯನವರೇ ಬಾಯಿ ತೆರೆದರು. "ನಾನೇ ಕೂರ್ತೀನಿ. ಹೆಂಗಿದ್ರೂ ಮುಂದಿನ ಸರದಿ ನನ್ನದೇ ತಾನೆ." ಅಂದು ರಾತ್ರಿ ಅವರು ಎರಡು ಮುದ್ದೆ ಉಂಡರು.

ಸೋಮವಾರ ಬೆಳಿಗ್ಗೆ ಮಾವನಿಗೆ ಎಣ್ಣೆನೀರು ಹಾಕಿ, ಮಡಿಪಂಚೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿದ್ದಾಯಿತು. ಸುಳ್ಳು ಸಾವಿಗೆ ಮೋಟು ವಿಮಾನ ಸಾಕಾಗಿತ್ತು, ಆದರೆ ಕಟ್ಟುವವರಿಗೆ ಹುರುಪು ಬಂದು ಕಮಾನು, ತೋರಣ ಎಲ್ಲ ಏರಿಸಿದರು. ಏಕಾಂತಯ್ಯನವರು ಮಂತ್ರವನ್ನು ಅರ್ಧ ಹೇಳಿದರೆ ದೋಷ ಎಂದು ಪೂರ್ತಿ ಹೇಳಿದರು. ಮಾವನನ್ನು ಎತ್ತಿ ಹೊಸಲು ದಾಟಿಸಿ, ಜಗಲಿಯ ಮೇಲಿದ್ದ ವಿಮಾನದಲ್ಲಿ ಕೂರಿಸಿದರು. ಗಿಡ್ಡಯ್ಯ ತಮಟೆಗೆ ಕೈ ಹಚ್ಚಿದ. ಆ ಸದ್ದಿಗೆ ಕಲ್ಲಮ್ಮನಿಗೆ, ಆಟವೆಂದು ಗೊತ್ತಿದ್ದರೂ ಅಳು ಒತ್ತರಿಸಿ ಬಂತು. ವಿಮಾನ ಜಗಲಿ ಬಿಟ್ಟು ಮುಂದೆ ಸರಿಯುತ್ತಲೇ ಅವಳು ಸಗಣಿನೀರಿನ ಬಕೀಟು ತಂದು, ಹೊಸಲಿಗೆ ಎರಚಿ, ಬಗ್ಗಿ ಸಾರಿಸಿದಳು. ಅತ್ತೆ ಹೋದಾಗ, ಗಂಡ ಹೋದಾಗ ಮಾಡಿದ ಕೆಲಸ. ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಿಮಾನ ಓಣಿಗೆ ತಿರುಗಿ ನಾಲ್ಕು ಹೆಜ್ಜೆಗೆ ಸಿಕ್ಕಿಕೊಂಡಿತು. ಜಗಲಿಯ ಕಂಬಕ್ಕೂ ಹೊಸ ಗೋಡೆಗೂ ನಡುವೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅಷ್ಟರಲ್ಲಿ ಸದಸ್ಯರನ್ನೂ ಎಂಜಿನಿಯರನ್ನೂ ಕಟ್ಟಿಕೊಂಡು ಮರುಳಪ್ಪ ಬಂದರು. ಹೂವಿನ ಕಮಾನು ಕಂಡದ್ದೇ ತಡ, ಎಲ್ಲ ಮರೆತು ಚಪ್ಪಲಿ ಕಳಚಿ ಕೈ ಮುಗಿದರು.

"ಯಾವಾಗ ಹೋದ್ರು?" ಎಂದು ಪಿಸುಮಾತಿನಲ್ಲಿ ಕೇಳಿದರು.

"ಎಲ್ಲಿ ಹೋದೆ ಕಣಪ್ಪ. ನೀನು ಬುಟ್ರೆ ತಾನೆ" ಎಂದಿತು ವಿಮಾನದಲ್ಲಿ ಕೂತಿದ್ದ ಹೆಣ.

ಯಾರೂ ನಗಲಿಲ್ಲ, ಏಕೆಂದರೆ ಏಕಾಂತಯ್ಯನವರು ಆಗಲೇ ಬಾಯಿ ತೆರೆದಿದ್ದರು. "ನಡುದಾರೀಲಿ ನಿಂತ ವಿಮಾನ ಜೊತೆಗೆ ಇನ್ನೊಬ್ಬರನ್ನ ಕೇಳ್ತದೆ ಅಂತ ನಮ್ಮ ದೊಡ್ಡೋರು ಹೇಳೋರು." ಎಲ್ಲರ ಕಣ್ಣೂ ಹತ್ತಿರದಲ್ಲಿ ನಿಂತವರ ಕಡೆ ಹೊರಳಿತು. ನಿಂತಿದ್ದವರು ಮರುಳಪ್ಪ. ಅವರ ಮುಖ ಬಿಳಿಚಿಕೊಂಡಿತು.

"ಒಡೀರ್ಲಾ ಗೋಡೆನ" ಎಂದರು.

ಹಾರೆ ತರುವವರೆಗೂ ಅವರಿಗೆ ತಾಳ್ಮೆ ಇರಲಿಲ್ಲ. ಗಾರೆ ಇನ್ನೂ ಹಸಿ. ಪುರಸಭೆಯ ಅಧ್ಯಕ್ಷರು ಪುರಸಭೆಯ ಗೋಡೆಗೆ ಭುಜ ಕೊಟ್ಟರು, ಸದಸ್ಯರು ಅಧ್ಯಕ್ಷರಿಗೆ ಭುಜ ಕೊಟ್ಟರು. ಗೋಡೆ ಬಿತ್ತು. ಮಳಿಗೆ ಕೇಳಿ ಅರ್ಜಿ ಹಾಕಿದ್ದವರೆಲ್ಲ, ಹೆಣ ಸಿಕ್ಕಿಕೊಂಡ ಜಾಗದಲ್ಲಿ ನಮಗೆ ಅಂಗಡಿ ಬೇಡ ಎಂದು ಅಲ್ಲೇ ಹಿಂದೆ ಸರಿದರು. ಬಾಡಿಗೆಗೆ ಬರುವವರೇ ಇಲ್ಲವೆಂದ ಮೇಲೆ ಮಳಿಗೆಯೂ ಇಲ್ಲ ಎಂದು ಮರುಳಪ್ಪ ನಿಂತಲ್ಲೇ ಸಾರಿದರು. ಹೊತ್ತವರು ಆ ಖುಷಿಗೆ ಬಸ್ ನಿಲ್ದಾಣದವರೆಗೂ ವಿಮಾನ ಮೆರೆಸಿದರು. ಶಂಭುಲಿಂಗಯ್ಯ ಅಲ್ಲಿ ಇಳಿದು, ಟೀ ಕುಡಿದು, ಕೊರಳ ಹಾರದ ಸಮೇತ ನಡೆದುಕೊಂಡು ವಾಪಸು ಬಂದರು.

ಬಾಗಿಲಲ್ಲಿ ಮೀನಾಕ್ಷಮ್ಮ ನಿಂತಿದ್ದಳು. ಹಸಿ ಹೊಸಲು ನೋಡಿ ಅವಳ ಕೈ ಬಾಯಿಗೆ ಹೋಗಿತ್ತು. "ಏನೇ ಕಲ್ಲವ್ವ, ಸಾರಿಸೇ ಬುಟ್ಯಲ್ಲೇ."

ಏಕಾಂತಯ್ಯನವರು ಕೋಲು ಅಡ್ಡ ಹಿಡಿದರು. ಮಂತ್ರ ಪೂರ್ತಿಯಾಗಿದೆ, ಹೊಸಲು ಸಾರಿಸಿದೆ. ಇನ್ನು ಈ ಮನೆಯಿಂದ ಶಂಭುಲಿಂಗಯ್ಯ ಹೋದವರೇ ಎಂದರು.

"ಅವರು ಬದುಕಿದ್ದಾರಲ್ಲ" ಎಂದ ಎಂಜಿನಿಯರ್.

"ಅದು ಬೇರೆ ಇಚಾರ ಕಣ್ರೀ. ಹೋದೋರು ಹಂಗೇ ಒಳಿಕ್ಕೆ ಬರಂಗಿಲ್ಲ. ಬರೋದಾದ್ರೆ ಹುಟ್ಟಿ ಬರಬೇಕು. ತೊಟ್ಲು ಕಟ್ಟಿ, ಹೆಸರಿಟ್ಟು, ಹೆತ್ತವಳು ಕರಕೊಂಡ್ರೆ ಆಯ್ತು."

ಬೀದಿಗೆ ಇದು ಬಹಳ ಸರಿ ಎನಿಸಿತು. ತೊಟ್ಟಿಲು ಯಾರ ಮನೆಯದು, ಆ ಭಾರ ತಡೆಯುತ್ತದೆಯೇ ಎಂದು ಚರ್ಚೆ ಶುರುವಾಯಿತು. ಆರು ಹೆತ್ತಿದ್ದ ಮೀನಾಕ್ಷಮ್ಮ, ಏಳನೆಯದು ಎಂದುಕೊಳ್ಳುತ್ತೇನೆ ಎಂದು ಮುಂದೆ ಬಂದಳು. ಕಲ್ಲಮ್ಮನ ಹೆಸರು ಯಾರೂ ಎತ್ತಲಿಲ್ಲ. ಗಂಡನಿಲ್ಲದವಳು, ಮಕ್ಕಳಾಗದವಳು, ತೊಟ್ಟಿಲ ಕಾರ್ಯಕ್ಕೆ ಅವಳನ್ನು ಯಾರೂ ಎಂದೂ ಕರೆದವರಲ್ಲ. ಮುಹೂರ್ತ ಕೂಡಿಬರುವತನಕ ಮುದುಕಪ್ಪನನ್ನು ಪುರಸಭೆಯ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತೇವೆ ಎಂದರು ಮರುಳಪ್ಪ.

ಶಂಭುಲಿಂಗಯ್ಯ ಬೀದಿಯಲ್ಲಿ ಬಿಸಿಲಿಗೆ ನಿಂತಿದ್ದರು. ಬಾಡಿದ ಹಾರ, ಕುಸಿದ ಭುಜ. ಯಾವ ಬಾಗಿಲಿಗಾಗಿ ಇಷ್ಟೆಲ್ಲ ಮಾಡಿದರೋ ಆ ಬಾಗಿಲನ್ನು ದೂರದಿಂದ ನೋಡುತ್ತಿದ್ದರು. ಕಲ್ಲಮ್ಮನಿಗೆ ಭಯವಾಯಿತು. ಈ ಮನುಷ್ಯ ಒಳಗೆ ಬರದಿದ್ದರೆ ನಾಳೆ ಬೆಳಿಗ್ಗೆ ಆ ಮನೆಯಲ್ಲಿ ಅವಳು ಯಾರಿಗೆ ಒಲೆ ಹಚ್ಚಬೇಕು? ಭಯದ ಹಿಂದೆಯೇ ಸಿಟ್ಟು ಬಂತು. ಏಕಾಂತಯ್ಯನವರ ಕೋಲನ್ನು ಪಕ್ಕಕ್ಕೆ ಸರಿಸಿ ಹೊಸಲ ಮೇಲೆ ಬಂದು ನಿಂತಳು.

"ನಾನೇ ಕರಕೋತೀನಿ" ಎಂದಳು.

"ಹೆಸರಿಡಬೇಕಲ್ಲವ್ವ" ಎಂದರು ಏಕಾಂತಯ್ಯ, ಬೇರೇನೂ ತೋಚದೆ.

ಸೊಸೆ ಮಾವನ ಹೆಸರು ಹೇಳುವುದುಂಟೆ? ಮದುವೆಯಾಗಿ ಬಂದಂದಿನಿಂದ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದದ್ದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಿದ್ದಳು. ಈಗ ಎಲ್ಲರ ಎದುರು, ಸೆರಗನ್ನು ಸರಿಪಡಿಸಿಕೊಂಡು, ಕೈ ಚಾಚಿ ಕರೆದಳು.

"ಶಂಭುಲಿಂಗ, ಬಾರೋ ಮಗ. ಮುದ್ದೆ ಆರ್ತದೆ."

ಮುದುಕ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿಕೊಂಡು ಬಂದು, ಆ ಕೈ ಹಿಡಿದು, ಬಲಗಾಲು ಮುಂದಿಟ್ಟು ಒಳಗೆ ಹೋದರು.