ಅಂಗಿ ಮುಚ್ಚಿದ ಅಂಚು

ಚರ್ಮದ ವೈದ್ಯನಾಗಿ ಹದಿನೆಂಟು ವರ್ಷದಲ್ಲಿ ಅವನು ನೋಡಿದ ಬೆನ್ನುಗಳಿಗೆ ಲೆಕ್ಕವಿಲ್ಲ. ಡರ್ಮೋಸ್ಕೋಪ್ ಎಂಬ, ದೀಪವಿರುವ ಪುಟ್ಟ ಭೂತಗನ್ನಡಿಯನ್ನು ಮಚ್ಚೆಯ ಮೇಲೆ ಒತ್ತಿಟ್ಟರೆ ಒಳಗಿನ ಬಣ್ಣ, ಗೆರೆ ಎಲ್ಲ ಬಯಲಾಗುತ್ತಿತ್ತು. ವಯಸ್ಸಿನ ಜೊತೆ ಬರುವ ನಿರುಪದ್ರವಿ ಗಂಟಾದರೆ ಪುಡಿ ಉಪ್ಪು ಉದುರಿಸಿದಂಥ ಬಿಳಿ ಚುಕ್ಕಿಗಳು. ಮೆಲನೋಮ ಎಂಬ ಕ್ಯಾನ್ಸರಾದರೆ ಒಂದರ್ಧಕ್ಕೆ ಇನ್ನೊಂದರ್ಧ ಹೊಂದುವುದಿಲ್ಲ, ಎಲ್ಲೋ ಒಂದು ಕಡೆ ನೀಲಿ ಮಬ್ಬು, ಅಂಚಿನಲ್ಲಿ ಹೊರಕ್ಕೆ ಚಾಚಿದ ಕಪ್ಪು ಗೆರೆ. ಮೊದಲು ಅಂಚು ಸುತ್ತಿ ಬನ್ನಿ, ನಡುವಿನದು ಆಮೇಲೆ ಎಂದು ಕಿರಿಯ ವೈದ್ಯರ ತಲೆ ತಿನ್ನುತ್ತಿದ್ದ. ಅವರು ಹಿಂದಿನಿಂದ ಅವನಿಗೆ ಅಂಚಪ್ಪ ಎಂದು ಹೆಸರಿಟ್ಟಿದ್ದರು.

ಎರಡು ವರ್ಷದ ಹಿಂದೆ ಅವನ ಅಕ್ಕ ಬಂದಿದ್ದಳು. ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದವಳು, ಇಲ್ಲೊಂದು ಮಚ್ಚೆ ಎದ್ದಿದೆ, ಬೇಗ ನೋಡು ಎಂದು ಬೆನ್ನು ತಿರುಗಿಸಿ ಕೂತಳು. ಬೇರೆ ಯಾರೇ ಆಗಿದ್ದರೂ ಅಂಗಿ ಬಿಚ್ಚಿಸಿ ಮಲಗಿಸುತ್ತಿದ್ದ. ಇವಳು ಎತ್ತಿ ಆಡಿಸಿದ ಅಕ್ಕ. ಬಿಚ್ಚು ಎನ್ನಲು ನಾಲಿಗೆ ಹೊರಳಲಿಲ್ಲ. ಅವಳಿಗೂ ಸಂಕೋಚ. ಕುತ್ತಿಗೆಯ ಹಿಂದೆ ಅಂಗಿಯನ್ನು ಚೂರು ಕೆಳಗೆಳೆದಳು, ಅವನು ಮುಖ ಅರ್ಧ ತಿರುಗಿಸಿಕೊಂಡೇ ಮಸೂರ ಇಟ್ಟ. ಬಿಳಿ ಚುಕ್ಕಿಗಳು ಕಂಡವು. ಒಂದು ಫೋಟೋ ತೆಗೆದ. ಏನೂ ಇಲ್ಲ, ಮುದುಕಿ ಆಗ್ತಿದೀಯ ಅಷ್ಟೇ ಎಂದು ರೇಗಿಸಿ ಕಳಿಸಿಬಿಟ್ಟ.

ಆ ಮಚ್ಚೆ ಮೆಲನೋಮವೇ ಆಗಿತ್ತು. ಈಗ ರೋಗ ಕಂಕುಳು ದಾಟಿ ಶ್ವಾಸಕೋಶಕ್ಕೂ ಯಕೃತ್ತಿಗೂ ಹರಡಿದೆ. ದೊಡ್ಡಾಸ್ಪತ್ರೆಯವರು ವರ್ಷದ ಮಾತು ಬಿಟ್ಟು ತಿಂಗಳುಗಳ ಮಾತಾಡುತ್ತಿದ್ದಾರೆ. ಇದೆಲ್ಲ ಅಕ್ಕನಿಗೆ ಗೊತ್ತು. ಗೊತ್ತಿಲ್ಲದ್ದು ಆ ಹಳೆಯ ಫೋಟೋ. ಅವನು ಅದನ್ನು ದೊಡ್ಡದು ಮಾಡಿ ನೋಡಿದ್ದ. ಮೇಲೆ ಬಿಳಿ ಚುಕ್ಕಿ, ಕೆಳಗೆ ಅಂಗಿಯ ನೂಲು, ನೂಲಿಗೆ ತಾಗಿಕೊಂಡು ಚೂರೇ ಚೂರು ನೀಲಿ. ಮಚ್ಚೆಯ ಕೆಳ ಅಂಚು ಬಟ್ಟೆಯಡಿಯಲ್ಲೇ ಉಳಿದುಬಿಟ್ಟಿತ್ತು. ಆವತ್ತೇ ಮಚ್ಚೆ ಕತ್ತರಿಸಿ ತೆಗೆದಿದ್ದರೆ ಅಕ್ಕ ಬದುಕುತ್ತಿದ್ದಳೇನೋ. ಹೇಳಬೇಕು ಎಂದುಕೊಂಡೇ ಹದಿನೈದು ದಿನ ಕಳೆದಿದ್ದ ಹೇಡಿ.

ಇವತ್ತು ಅವಳು ಬೆನ್ನಿನ ಗಾಯದ ಪಟ್ಟಿ ಬದಲಿಸಿಕೊಳ್ಳಲು ಬಂದಿದ್ದಳು. ಈಗ ಅಂಗಿ ಪೂರ್ತಿ ಬಿಚ್ಚಿ ಕೂರುತ್ತಾಳೆ. ಸಂಕೋಚಪಡುವಷ್ಟು ತ್ರಾಣ ಇಬ್ಬರಲ್ಲೂ ಇಲ್ಲ. ಮಾತು ತೆಗೆದವಳು ಅವಳೇ. ಹೋದ ವರ್ಷ ಜ್ವರಕ್ಕೆಂದು ಬೇರೊಂದು ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ಈ ಮಚ್ಚೆ ತೆಗೆಸಿಬಿಡಿ ಅಂದಿದ್ದಳಂತೆ.

"ನಾನು ಬಿಟ್ಟೇನಾ? ನನ್ನ ತಮ್ಮ ನೋಡಿದಾನೆ, ನೀವು ಸುಮ್ನಿರಿ ಅಂದೆ."

ಅವನು ಪಟ್ಟಿ ಕೆಳಗಿಟ್ಟ. ಫೋನು ತೆಗೆದು ಫೋಟೋ ತೋರಿಸಿದ. ಬಟ್ಟೆಯನ್ನು ತೋರಿಸಿದ, ನೀಲಿಯನ್ನೂ ತೋರಿಸಿದ.

"ನಾನು ಪೂರ್ತಿ ನೋಡ್ಲೇ ಇಲ್ಲ, ಅಕ್ಕ."

ಅಕ್ಕ ಬಹಳ ಹೊತ್ತು ಫೋಟೋ ನೋಡಿದಳು. ಬಾಯಿಗೆ ಬಂದಂತೆ ಬೈದಿದ್ದರೆ, ಕಪಾಳಕ್ಕೆ ಎರಡು ಬಿಗಿದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಆ ಆಸೆಯಿಂದಲೇ ತಲೆ ತಗ್ಗಿಸಿ ಕಾದ. ಅವಳು ಫೋನನ್ನು ವಾಪಸು ಕೊಟ್ಟಳು.

"ನಿಮ್ಮ ಭಾವಂಗೆ ಹೇಳ್ಬೇಡ. ಗೊತ್ತಾದ್ರೆ ನಿನ್ನನ್ನ ಹೊಸ್ತಿಲು ತುಳಿಯೋಕೂ ಬಿಡಲ್ಲ ಅವರು. ನಾನು ಹೋದ್ಮೇಲೆ ಮಗಳಿಗೆ ನನ್ನ ಕಡೆಯೋರು ಅಂತ ಇರೋದು ನೀನೊಬ್ಬನೇ."

ಅವನಿಗೆ ಅಳು ತಡೆಯಲಾಗಲಿಲ್ಲ. ಹೂಂ ಎಂದು ಮತ್ತೆ ಪಟ್ಟಿ ಹಿಡಿದ. ಅವಳು ತಿರುಗಿ ಕೂತಳು.

"ಮಗಳ ಮೈ ಮೇಲೂ ಮಚ್ಚೆಗಳಿವೆ," ಎಂದಳು. "ಅದನ್ನ ಮಾತ್ರ ಬೇರೆ ಯಾರಿಗಾದ್ರೂ ತೋರ್ಸಪ್ಪ. ನೀನು ನೋಡ್ಬೇಡ."